ಕೆಂಪಾದ ಕಣ್ಣು ಸೋಮವಾರದವರೆಗೆ ಕಾಯದು

ದೀಪಾವಳಿಯ ರಾತ್ರಿ ಮಗುವಿನ ಕಣ್ಣಿಗೆ ಪಟಾಕಿಯ ಕಿಡಿ ತಗುಲಿದರೆ ಏನು ಮಾಡಬೇಕೆಂಬುದು ಬೆಂಗಳೂರಿನ ಬಹುತೇಕ ಮನೆಗಳಿಗೆ ಗೊತ್ತು. ಆಟೊ ಹಿಡಿದು ಮಿಂಟೊ ಆಸ್ಪತ್ರೆಗೆ ಧಾವಿಸುತ್ತಾರೆ. ಬೆಳಗಾಗಲಿ ಎಂದು ಯಾರೂ ಕಾಯುವುದಿಲ್ಲ. ಆದರೆ ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ಕಣ್ಣು ಕೆಂಪಾಗಿ ನೋಯತೊಡಗಿದರೆ ಅದೂ ಅಷ್ಟೇ ತುರ್ತಿನ ಸಂಗತಿಯೆಂಬುದು ವಿದ್ಯಾವಂತ ಕುಟುಂಬಗಳಿಗೂ ತಿಳಿದಂತಿಲ್ಲ. ನಮ್ಮ ಕುಟುಂಬಕ್ಕಂತೂ ತಿಳಿದಿರಲಿಲ್ಲ.

ಎರಡು ವರ್ಷಗಳ ಹಿಂದೆ ನನ್ನ ತಮ್ಮನ ಮಗಳು ಶಿವಮೊಗ್ಗದಲ್ಲಿ ಗೆಳತಿಯ ಆರತಕ್ಷತೆಗೆ ಕನ್ನಡಕ ಬೇಡವೆಂದು ಲೆನ್ಸ್ ಹಾಕಿಕೊಂಡು ಹೋದಳು. ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಅದನ್ನು ತೆಗೆಯದೆಯೇ ನಿದ್ದೆ ಹೋದಳು. ಶನಿವಾರ ಬೆಳಿಗ್ಗೆ ಬಲಗಣ್ಣು ಚುಚ್ಚುತ್ತಿತ್ತು, ನಿದ್ದೆಗೆಟ್ಟದ್ದರಿಂದ ಎಂದುಕೊಂಡೆವು. ಸಂಜೆ ಬೀದಿಯ ಔಷಧಿ ಅಂಗಡಿಯಲ್ಲಿ ಯಾವ ಚೀಟಿಯನ್ನೂ ಕೇಳದೆ ಹನಿ ಔಷಧಿಯೊಂದನ್ನು ಕೊಟ್ಟರು. ಅದರಲ್ಲಿ ಆ್ಯಂಟಿಬಯೋಟಿಕ್ ಜತೆಗೆ ಸ್ಟೀರಾಯ್ಡ್ ಕೂಡ ಇತ್ತು. ಕೆಂಪು ಒಂದಿಷ್ಟು ಇಳಿದಂತೆ ಕಂಡಿತು. 'ದೊಡ್ಡಪ್ಪ, ಆಸ್ಪತ್ರೆಗೆ ಹೋಗಬೇಕಾ?' ಎಂದು ಅವಳು ಫೋನಿನಲ್ಲಿ ಕೇಳಿದಾಗ, 'ಭಾನುವಾರ ಯಾವ ಡಾಕ್ಟರು ಸಿಗ್ತಾರಮ್ಮ, ಸೋಮವಾರ ತೋರಿಸಿದರಾಯಿತು' ಎಂದವನು ನಾನೇ. ಸೋಮವಾರ ಬೆಳಿಗ್ಗೆ ಕರಿಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ ಎದ್ದಿತ್ತು. ಕಿಟಕಿಯ ಬೆಳಕನ್ನೂ ಸಹಿಸಲಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹುಣ್ಣನ್ನು ಕೆರೆದು ಪರೀಕ್ಷೆಗೆ ಕಳುಹಿಸಿ, ಹಗಲೂ ರಾತ್ರಿಯೂ ಗಂಟೆಗೊಮ್ಮೆ ಹನಿ ಹಾಕಿದರು. ದೃಷ್ಟಿ ಉಳಿಯಿತು, ಕಲೆಯೂ ಉಳಿಯಿತು. ರಾತ್ರಿ ಎದುರಿನಿಂದ ಬರುವ ವಾಹನದ ದೀಪ ಆ ಕಣ್ಣಿಗೆ ಈಗಲೂ ಚೆಲ್ಲಾಪಿಲ್ಲಿಯಾಗಿ ಹರಡಿದಂತೆ ಕಾಣುತ್ತದೆಯಂತೆ.

ನಾನು ಅರ್ಥಶಾಸ್ತ್ರ ಓದಿದವನೇ ಹೊರತು ವೈದ್ಯನಲ್ಲ. ಅನಂತರ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದಿಷ್ಟು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಅದು ತನಗೆ ಬೇಕಾದ ಆಮ್ಲಜನಕವನ್ನು ಬಹುಮಟ್ಟಿಗೆ ಗಾಳಿಯಿಂದಲೇ ಪಡೆಯುತ್ತದೆ. ಲೆನ್ಸಿನ ಮೇಲೆ ರೆಪ್ಪೆಯನ್ನೂ ಮುಚ್ಚಿ ನಿದ್ರಿಸಿದಾಗ ಆ ಪೂರೈಕೆ ಕುಗ್ಗಿ ಮೇಲ್ಪದರ ದುರ್ಬಲವಾಗುತ್ತದೆ. ಆಗ ನೀರಿನಲ್ಲಿ, ಬಚ್ಚಲಿನ ಬೇಸಿನ್ನಿನಲ್ಲಿ, ಲೆನ್ಸಿನ ಡಬ್ಬಿಯಲ್ಲಿ ನೆಲೆಸುವ ಸ್ಯೂಡೊಮೊನಾಸ್‌ನಂತಹ ಬ್ಯಾಕ್ಟೀರಿಯಾ ಒಳನುಗ್ಗಿದರೆ ಒಂದೆರಡು ದಿನಗಳಲ್ಲೇ ಪಟಲವನ್ನು ಕರಗಿಸಿಬಿಡಬಲ್ಲದು. ನಾವು ಕಾಯುತ್ತ ಕಳೆದದ್ದು ಸರಿಯಾಗಿ ಆ ಒಂದೆರಡು ದಿನಗಳನ್ನೇ.

ಲೆನ್ಸ್ ಧರಿಸುವವರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಕೆಲವರಿಗೆ ಅದು ಶೋಕಿಯಲ್ಲ, ಚಿಕಿತ್ಸೆಯೇ. ಕಾರ್ನಿಯಾ ಶಂಕುವಿನಂತೆ ಉಬ್ಬಿದವರಿಗೆ ಕನ್ನಡಕ ಅನೇಕ ವೇಳೆ ಸಾಲದು. (ಕನ್ನಡಕದ ಹುಡುಗಿಯೆಂದರೆ ಮೂಗು ಮುರಿಯುವ ನಮ್ಮ ವಧು ಪರೀಕ್ಷಕರೂ ಲೆನ್ಸಿನ ವ್ಯಾಪಾರಕ್ಕೆ ತಮ್ಮ ಕಾಣಿಕೆ ಸಲ್ಲಿಸಿದ್ದಾರೆ, ಆ ವಿಷಯ ಬೇರೆ.) ಅಪಾಯದ ಪ್ರಮಾಣವೂ ಸಣ್ಣದೇ. 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಹಗಲು ಮಾತ್ರ ಧರಿಸುವ ಲೆನ್ಸಿನವರಲ್ಲಿ ವರ್ಷಕ್ಕೆ 10,000 ಮಂದಿಯಲ್ಲಿ ಸುಮಾರು 4 ಜನರಿಗೆ ಕಾರ್ನಿಯಾ ಹುಣ್ಣಾಗುತ್ತದೆ. ರಾತ್ರಿಯೂ ಧರಿಸಿ ಮಲಗುವ ಬಗೆಯ ಲೆನ್ಸಿನವರಲ್ಲಿ ಸುಮಾರು 21 ಜನರಿಗೆ. ಅಂದರೆ ಐದು ಪಟ್ಟು. ಹೆಚ್ಚು ಆಮ್ಲಜನಕ ಹಾಯುವ ಹೊಸ ಲೆನ್ಸುಗಳು ಬಂದ ಮೇಲೂ, 2008ರ ಆಸ್ಟ್ರೇಲಿಯಾದ ಅಧ್ಯಯನ ರಾತ್ರಿಯ ಅಪಾಯ ಇಳಿದಿಲ್ಲವೆಂದೇ ಕಂಡುಕೊಂಡಿತು.

ನೀರಿನ ಮಾತನ್ನೂ ಹೇಳಬೇಕು. ಅಕಾಂತಮೀಬಾ ಎಂಬ ಏಕಕೋಶ ಜೀವಿ ನಲ್ಲಿಯ ನೀರಿನಲ್ಲೂ ಈಜುಕೊಳದಲ್ಲೂ ಇರುತ್ತದೆ. ಅದರ ಕೋಶಕವಚ ಕ್ಲೋರಿನ್ನಿಗೂ ಜಗ್ಗುವುದಿಲ್ಲ. ಅದು ತರುವ ಸೋಂಕು ವಿರಳ, ಆದರೆ ಚಿಕಿತ್ಸೆ ತಿಂಗಳುಗಟ್ಟಲೆ. ಬ್ರಿಟನ್ನಿನಲ್ಲಿ ಇದು ಹೆಚ್ಚಾಗಿ ಕಾಣಿಸಲು ಮನೆಯ ಮೇಲ್ಭಾಗದ ನೀರಿನ ತೊಟ್ಟಿಗಳೂ ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ. ಸಂಪು, ಓವರ್‌ಹೆಡ್ ಟ್ಯಾಂಕುಗಳಿಲ್ಲದ ಮನೆ ನಮ್ಮ ಊರಿನಲ್ಲಿ ಎಷ್ಟಿದೆ? ಲೆನ್ಸನ್ನಾಗಲಿ ಅದರ ಡಬ್ಬಿಯನ್ನಾಗಲಿ ನಲ್ಲಿಯ ನೀರಿನಲ್ಲಿ ತೊಳೆಯಬಾರದೆಂಬ ಸರಳ ಸಂಗತಿ ನನ್ನ ತಮ್ಮನ ಮಗಳಿಗೂ ಗೊತ್ತಿರಲಿಲ್ಲ. ಹಾಗೆಂದು ಎಲ್ಲ ತಪ್ಪೂ ಬಳಸುವವರದೇ ಅಲ್ಲ. 2006ರಲ್ಲಿ ಬಾಷ್ ಆ್ಯಂಡ್ ಲಾಂಬ್ ಕಂಪನಿ ತನ್ನ ಒಂದು ಲೆನ್ಸ್ ದ್ರಾವಣವನ್ನು, ಫ್ಯುಸೇರಿಯಂ ಶಿಲೀಂಧ್ರದ ಸೋಂಕು ಹಲವು ದೇಶಗಳಲ್ಲಿ ಕಾಣಿಸಿಕೊಂಡ ಬಳಿಕ, ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಬೇಕಾಯಿತು. ಆದ್ದರಿಂದ ಶುಚಿತ್ವದ ಉಪದೇಶಕ್ಕಿಂತಲೂ ಅಪಾಯದ ಲಕ್ಷಣಗಳ ತಿಳಿವಳಿಕೆ ಹೆಚ್ಚು ಮುಖ್ಯವೆಂದು ನನಗನ್ನಿಸುತ್ತದೆ.

ಈ ತಿಳಿವಳಿಕೆ ಕೊಳ್ಳುವವನನ್ನು ತಲುಪುತ್ತಿಲ್ಲವೇಕೆ? ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆ ಹೇಗೆ ಎಡವುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು; 2001ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ನಮ್ಮ ಹುಡುಗಿ ಲೆನ್ಸ್ ಕೊಂಡ ಅಂಗಡಿಗೆ ನಾನೇ ಹೋಗಿ ವಿಚಾರಿಸಿದೆ. 'ಎಲ್ಲಾ ಡಬ್ಬಿ ಮೇಲೆ ಬರೆದಿದೆ ಸಾರ್' ಎಂದ ಅಲ್ಲಿದ್ದ ಹುಡುಗ. ಬರೆದಿತ್ತು, ಇಂಗ್ಲಿಷಿನಲ್ಲಿ, ಕನ್ನಡಕ ಧರಿಸಿದ ನನಗೂ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ. ಇನ್ನು ಬಣ್ಣದ ಲೆನ್ಸುಗಳನ್ನಂತೂ ಬಳೆ, ಬಿಂದಿಗಳ ಸಾಲಿಗೆ ಸೇರಿಸಿ ಆನ್‌ಲೈನ್‌ನಲ್ಲಿ ಮಾರಲಾಗುತ್ತಿದೆ. ದೃಷ್ಟಿದೋಷವಿಲ್ಲದವರು ಅಲಂಕಾರಕ್ಕೆಂದು ಧರಿಸುವ ಲೆನ್ಸೂ ವೈದ್ಯಕೀಯ ಸಾಧನವೇ ಎಂದು ಅಮೆರಿಕ 2005ರಲ್ಲೇ ಕಾನೂನು ಮಾಡಿತು. ನಮ್ಮಲ್ಲೂ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲವೂ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡುಗಳು ಅದಕ್ಕೂ ಎಷ್ಟೋ ಹಿಂದಿನಿಂದ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿವೆ. ಸೋಂಕಿನ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಕೆಂಪು ಇಳಿಯುತ್ತದೆ, ಸೋಂಕು ಒಳಗೊಳಗೇ ಬೆಳೆಯುತ್ತದೆ. ಹೀಗಿರುವಾಗ ಹೊಸ ಕಾನೂನಿನ ಬೇಡಿಕೆ ನನ್ನದಲ್ಲ.

ಹುಣ್ಣು ಮಿತಿಮೀರಿದರೆ ಉಳಿಯುವ ದಾರಿ ಕಾರ್ನಿಯಾ ಕಸಿಯೊಂದೇ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ ದಾನವಾಗಿ ಬಂದ ಎರಡು ಕಣ್ಣುಗಳ ಕಾರ್ನಿಯಾಗಳನ್ನು ಪದರ ಪದರವಾಗಿ ಬೇರ್ಪಡಿಸಿ, ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ದೃಷ್ಟಿ ಕೊಟ್ಟರು. ಅಷ್ಟು ಅಪರೂಪದ ದಾನಕ್ಕಾಗಿ ಕಾಯುವವರ ಸಾಲಿಗೆ, ಬಸ್ಸಿನಲ್ಲಿ ಲೆನ್ಸ್ ತೆಗೆಯಲು ಮರೆತವರೂ ಸೇರಬೇಕೆ?

ಪ್ರತಿ ಲೆನ್ಸಿನ ಜತೆ ಕನ್ನಡದಲ್ಲಿ ಅಂಗೈಯಗಲದ ಚೀಟಿಯೊಂದನ್ನು ಕೊಡುವುದು ಕಡ್ಡಾಯವಾದರೆ ಸಾಕು. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ಸಹಿಸಲಾಗದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಬಿಳಿ ಚುಕ್ಕೆ ಕಂಡರೆ ಕೂಡಲೇ ಲೆನ್ಸ್ ತೆಗೆಯಿರಿ. ಮತ್ತೆ ಹಾಕಿಕೊಳ್ಳಬೇಡಿ, ಕಣ್ಣಿಗೆ ಪಟ್ಟಿಯನ್ನೂ ಕಟ್ಟಬೇಡಿ. ಅಂಗಡಿಯ ಹನಿ ಔಷಧಿಯನ್ನು ನಂಬಿ ಕೂರದೆ ಅದೇ ದಿನ, ಭಾನುವಾರವಾದರೂ, ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಹೋಗಿ. ಲೆನ್ಸನ್ನೂ ಡಬ್ಬಿಯನ್ನೂ ಎಸೆಯದೆ ಪರೀಕ್ಷೆಗಾಗಿ ಜತೆಗೆ ಒಯ್ಯಿರಿ ಎಂದಿಷ್ಟೇ ಅದರಲ್ಲಿರಬೇಕು. ಇದರ ಕರಡನ್ನು ನಮ್ಮ ಹುಡುಗಿಯೇ ಬರೆದಳು. ನಾನು ತಿದ್ದಿ ಸಂಬಂಧಪಟ್ಟ ಇಲಾಖೆಗೆ ಕಳುಹಿಸಿದ್ದೇನೆ. ಸ್ವೀಕೃತಿ ಬಂದಿದೆ. ಮೂವತ್ತು ವರ್ಷ ಕಡತಗಳ ನಡುವೆ ಕಳೆದವನಾದ್ದರಿಂದ, ಅದು ಈಗ ಯಾವ ಮೇಜಿನ ಮೇಲೆ ಇದ್ದೀತೆಂದು ಊಹಿಸಬಲ್ಲೆ. ಮುಂದಿನ ವಾರ ಖುದ್ದಾಗಿ ಹೋಗಿ ವಿಚಾರಿಸುವವನಿದ್ದೇನೆ.