ಗೇಮಿಂಗ್ ಕಂಪ್ಯೂಟರಿನಲ್ಲಿ ಅಮ್ಮನ ಸಂಘದ ಲೆಕ್ಕ

ಕಳೆದ ವರ್ಷ ದಸರಾ ರಜೆಯ ಒಂದು ಸಂಜೆ. ಅಮ್ಮ ನನ್ನ ಗೇಮಿಂಗ್ ಕಂಪ್ಯೂಟರಿನ ಮುಂದೆ ಕೂತು ಸ್ತ್ರೀಶಕ್ತಿ ಸಂಘದ ಲೆಕ್ಕ ತುಂಬುತ್ತಿದ್ದಳು. ಇದ್ದಕ್ಕಿದ್ದಂತೆ ಪರದೆಯ ಮೇಲೆ ಒಂದು ಸೂಚನೆ ಬಂತು. ‘ಲೋ, ಬಾರೋ ಇಲ್ಲಿ. ಅಕ್ಟೋಬರ್ ಹದಿನಾಲ್ಕಕ್ಕೆ ಏನೋ ಮುಗಿಯುತ್ತಂತೆ. ಮತ್ತೆ ಕೆಟ್ಟೋಯ್ತಾ ಇದು?’ ಎಂದು ಕೂಗಿದಳು.

‘ಏನೂ ಆಗಲ್ಲಮ್ಮ’ ಎಂದೆ. ‘ಏನೂ ಆಗದೇ ಇದ್ದರೆ ಯಾಕೆ ಹೇಳ್ತಾರೆ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ಆಪರೇಟಿಂಗ್ ಸಿಸ್ಟಮ್ ನಮಗೊಂದು ವಿಷಯವಾಗಿತ್ತು. ಡೆಡ್‌ಲಾಕ್ ಎಂದರೇನು, ಪೇಜಿಂಗ್ ಹೇಗೆ ನಡೆಯುತ್ತದೆ ಎಂದು ಚಿತ್ರ ಬಿಡಿಸಿ ಹತ್ತು ಅಂಕಕ್ಕೆ ಬರೆದು ಬಂದವನು ನಾನು. ಮನೆಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಬದಲಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಮಾತ್ರ ತಡವರಿಸಿದೆ. ಅದಕ್ಕೆ ಉತ್ತರ ಹುಡುಕಿದ ಕತೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಇದೇ ಪ್ರಶ್ನೆ ನಿಮ್ಮಲ್ಲಿ ಹಲವರ ಮನೆಯಲ್ಲೂ ಇದೆ.

ಮೊದಲು ಆ ತಾರೀಖಿನ ವಿಷಯ. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಹತ್ತು ವರ್ಷದ ನಂತರ, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಉಚಿತ ಬೆಂಬಲ ನಿಲ್ಲಿಸಿತು. ಹಾಗೆಂದು 15ರ ಬೆಳಿಗ್ಗೆ ಯಾವ ಕಂಪ್ಯೂಟರೂ ಸಾಯಲಿಲ್ಲ. ಗೇಮ್‌ಗಳು ಓಡಿದವು, ಎಕ್ಸೆಲ್ ತೆರೆಯಿತು. ನಿಂತದ್ದು ಒಂದೇ: ಹೊಸ ಭದ್ರತಾ ಲೋಪ ಪತ್ತೆಯಾದಾಗ ಅದನ್ನು ಮುಚ್ಚಲು ಬರುತ್ತಿದ್ದ ತೇಪೆ. ಮನೆ ಹಾಗೇ ಇದೆ, ಆದರೆ ಇನ್ನು ಮುಂದೆ ಬೀಗ ಕೆಟ್ಟರೆ ರಿಪೇರಿಗೆ ಯಾರೂ ಬರುವುದಿಲ್ಲ. ಸರಳವಾಗಿ ಹೇಳಬೇಕೆಂದರೆ ಇಷ್ಟೇ.

ಹಾಗಿದ್ದರೆ ವಿಂಡೋಸ್ 11 ಹಾಕಿಕೊಂಡರೆ ಆಯಿತಲ್ಲ? ಹೆಚ್ಚಿನವರಿಗೆ ಆಯಿತು, ನನಗೆ ಆಗಲಿಲ್ಲ. ನನ್ನದು ದೊಡ್ಡಪ್ಪನ ಮಗ 2018ರಲ್ಲಿ ಜೋಡಿಸಿಕೊಂಡಿದ್ದ ಕಂಪ್ಯೂಟರ್. ಅಣ್ಣನಿಗೆ ಕೆಲಸ ಸಿಕ್ಕಿ ಹೊಸದು ಕೊಂಡಾಗ ಇದು ನನ್ನ ಪಾಲಿಗೆ ಬಂತು. ಇಂಟೆಲ್ ಐ5-7400 ಪ್ರೊಸೆಸರ್, ಎನ್‌ವಿಡಿಯಾದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಮೇಲೆ. ನನ್ನದು ಏಳನೇ ತಲೆಮಾರು. ಒಂದು ತಲೆಮಾರಿನಿಂದ ಫೇಲ್! ಕಟ್‌ಆಫ್‌ಗೆ ಒಂದು ಅಂಕ ಕಡಿಮೆಯಾದಾಗ ಆಗುವ ಸಂಕಟ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿ ಒಂದು ಮಾತು. ‘ಈ ಕಂಪ್ಯೂಟರ್ ಅರ್ಹವಲ್ಲ’ ಎಂಬ ಸಂದೇಶ ಬಂದ ಕೂಡಲೇ ಕೈಚೆಲ್ಲಬೇಡಿ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು. ಗೂಢಲಿಪಿಯ ಕೀಲಿಗಳನ್ನು ಬೇರೆಯಾಗಿ, ಜೋಪಾನವಾಗಿ ಇಡುವುದು ಅದರ ಕೆಲಸ. ಇತ್ತೀಚಿನ ಬಹಳಷ್ಟು ಮದರ್‌ಬೋರ್ಡ್‌ಗಳಲ್ಲಿ ಅದು ಇದ್ದೇ ಇರುತ್ತದೆ, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್‌ನಲ್ಲಿ ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’ ಎಂಬ ಹೆಸರಿನಲ್ಲಿ ಹುಡುಕಿ. ರೈಜನ್ 3600 ಇದ್ದ ಗೆಳೆಯನೊಬ್ಬ ಕಂಪ್ಯೂಟರನ್ನು ಅರ್ಧ ಬೆಲೆಗೆ ಮಾರಲು ಹೊರಟಿದ್ದ. ಆ ಒಂದು ಸೆಟ್ಟಿಂಗ್ ಆನ್ ಮಾಡಿದ ಮೇಲೆ ಅವನ ಸಮಸ್ಯೆ ಹತ್ತು ನಿಮಿಷದಲ್ಲಿ ಮುಗಿಯಿತು. ಸೆಕ್ಯೂರ್ ಬೂಟ್ ಆನ್ ಮಾಡುವ ಮುನ್ನ ಮಾತ್ರ ಬ್ಯಾಕಪ್ ತೆಗೆದುಕೊಳ್ಳಿ. ಹಳೆಯ ಎಂಬಿಆರ್ ಮಾದರಿಯಲ್ಲಿ ಭಾಗ ಮಾಡಿದ ಡಿಸ್ಕ್ ಆಗಿದ್ದರೆ ಕಂಪ್ಯೂಟರ್ ಬೂಟ್ ಆಗದೇ ಕೂರಬಹುದು.

ನನ್ನಂಥ ನಿಜವಾಗಿಯೂ ಅನರ್ಹರಿಗೆ ಕಾಲೇಜಿನಲ್ಲಿ ಸಲಹೆಗಳಿಗೇನು ಬರವಿಲ್ಲ.

ಮೊದಲ ಗುಂಪಿನವರದು ‘ಬೈಪಾಸ್ ಮಾಡು ಮಗಾ’. ಪರೀಕ್ಷೆಯನ್ನೇ ದಾಟಿಸಿ ವಿಂಡೋಸ್ 11 ಹಾಕುವ ದಾರಿಗಳಿವೆ, ಅವು ಕೆಲಸವನ್ನೂ ಮಾಡುತ್ತವೆ. ಆದರೆ ಹೀಗೆ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಬರುವ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಯಾವುದಕ್ಕಾಗಿ ಬದಲಾಯಿಸುತ್ತೇವೋ ಅದಕ್ಕೇ ಖಾತರಿ ಇಲ್ಲ! ಜೊತೆಗೆ ವ್ಯಾಲರಂಟ್ ಆಡುವವರಿಗೆ ಇನ್ನೊಂದು ಪೇಚು. ಅದರ ಆ್ಯಂಟಿ-ಚೀಟ್ ವಿಂಡೋಸ್ 11ರಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಇವೆಯೇ ಎಂದು ತಾನೇ ನೋಡುತ್ತದೆ. ಬೈಪಾಸ್ ಮಾಡಿದ ನಮ್ಮ ಕ್ಲಾಸಿನ ಹುಡುಗನೊಬ್ಬನಿಗೆ ವಿಂಡೋಸ್ 10ರಲ್ಲಿ ಓಡುತ್ತಿದ್ದ ಗೇಮ್ 11ರಲ್ಲಿ ಬಾಗಿಲೇ ತೆರೆಯಲಿಲ್ಲ.

ಎರಡನೇ ಗುಂಪಿನವರದು ‘ಹೊಸದು ತಗೋ’. ಅಂಗಡಿಯವರಂತೂ ಇದನ್ನೇ ಹೇಳುತ್ತಾರೆ. ನಾನು ಹೋದ ಅಂಗಡಿಯಲ್ಲಿ ಐವತ್ತೈದು ಸಾವಿರದ ಪಟ್ಟಿ ಬರೆದುಕೊಟ್ಟರು. ಕೂತು ಲೆಕ್ಕ ಹಾಕಿದರೆ ನನಗೆ ಬೇಕಿದ್ದದ್ದು ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಎರಡೇ. ಡಿಡಿಆರ್4 ಒಪ್ಪುವ ಬೋರ್ಡ್ ಆರಿಸಿಕೊಂಡರೆ ಇರುವ ರ‍್ಯಾಮನ್ನೇ ಹಾಕಬಹುದು. ಕ್ಯಾಬಿನೆಟ್, ಪವರ್ ಸಪ್ಲೈ, ಎಸ್‌ಎಸ್‌ಡಿ ಎಲ್ಲವೂ ಚೆನ್ನಾಗಿವೆ. ಹಾಗೆ ಮಾಡಿದರೆ ಆ ಪಟ್ಟಿಯ ಮೂರನೇ ಒಂದು ಭಾಗವೂ ಆಗುವುದಿಲ್ಲ. ಆ ಮೂರನೇ ಒಂದು ಭಾಗವೂ ಸೆಮಿಸ್ಟರ್ ಫೀಸ್ ಕಟ್ಟುವ ತಿಂಗಳಲ್ಲಿ ಅಪ್ಪನ ಬಳಿ ಕೇಳುವ ಮಾತಲ್ಲ ಎಂಬುದು ಬೇರೆ.

ಹೊಸ ವಿಂಡೋಸ್ ಹಾಕಿದರೆ ಗೇಮ್ ಜೋರಾಗಿ ಓಡುತ್ತದೆ ಎನ್ನುವುದೂ ಕುರುಡು ನಂಬಿಕೆಯೇ. ಕಾರ್ಡ್ ಹಳೆಯದಾದರೆ ಎಫ್‌ಪಿಎಸ್ ಎಲ್ಲಿಂದ ಬರಬೇಕು? ವಿಂಡೋಸ್ 11ರಲ್ಲಿರುವ ‘ಮೆಮೊರಿ ಇಂಟಿಗ್ರಿಟಿ’ ಎಂಬ ಭದ್ರತಾ ಸೌಲಭ್ಯ ಕೆಲವೊಮ್ಮೆ ಗೇಮಿನ ವೇಗ ತಗ್ಗಿಸಬಹುದು, ಬೇಕಿದ್ದರೆ ಆಡುವಾಗ ಆಫ್ ಮಾಡಿಕೊಳ್ಳಿ ಎಂದು ಸ್ವತಃ ಮೈಕ್ರೋಸಾಫ್ಟ್ 2022ರಲ್ಲಿ ಹೇಳಿತ್ತು. 2024ರ ಕೊನೆಯಲ್ಲಿ ಬಂದ ದೊಡ್ಡ ಅಪ್‌ಡೇಟ್‌ನಿಂದ ಅಸಾಸಿನ್ಸ್ ಕ್ರೀಡ್ ಸರಣಿಯ ಕೆಲವು ಗೇಮ್‌ಗಳು ಹ್ಯಾಂಗ್ ಆಗತೊಡಗಿ, ಅವು ಇರುವ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಕೊಡುವುದನ್ನೇ ತಡೆಹಿಡಿಯಬೇಕಾಯಿತು. ಇನ್ನು ನನ್ನ ಜಿಟಿಎಕ್ಸ್ 1060ಕ್ಕೆ ಎನ್‌ವಿಡಿಯಾ ಹೊಸ ಗೇಮ್‌ಗಳಿಗಾಗಿ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೇ ನಿಲ್ಲಿಸಿದೆ. 2028ರ ಅಕ್ಟೋಬರ್‌ವರೆಗೆ ಬರುವುದು ಭದ್ರತಾ ತೇಪೆ ಮಾತ್ರ. ವಿಂಡೋಸ್ ಯಾವುದೇ ಇರಲಿ, ಆ ಕಾರ್ಡಿನ ಹಣೆಬರಹ ಬದಲಾಗುವುದಿಲ್ಲ.

ಮೂರನೇ ಗುಂಪಿನವರು ಧೀರರು. ‘ಅಪ್‌ಡೇಟ್ ಎಲ್ಲ ಸುಳ್ಳು, ನಾನು ಮೂರು ವರ್ಷದಿಂದ ಆಫ್ ಮಾಡಿದ್ದೀನಿ, ಏನಾಗಿದೆ?’ ಎನ್ನುವವರು. ಮ್ಯಾಚ್ ಮಧ್ಯೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆದಾಗ ಬಂದ ಸಿಟ್ಟಿನಲ್ಲಿ ನಾನೂ ಈ ಗುಂಪಿಗೆ ಸೇರಿದ್ದೆ. ಅದರಿಂದ ಹೊರಬಂದದ್ದು ಹೇಗೆಂದು ಹೇಳಬೇಕು. ಅಮ್ಮ ‘ಮತ್ತೆ ಕೆಟ್ಟೋಯ್ತಾ’ ಎಂದು ಕೇಳಿದ್ದು ಸುಮ್ಮನೆ ಅಲ್ಲ.

ಮೊದಲ ಸೆಮಿಸ್ಟರ್ ಮುಗಿದ ರಜೆಯಲ್ಲಿ ದುಡ್ಡು ಕೊಟ್ಟು ಕೊಳ್ಳಲಾಗದ ಗೇಮೊಂದರ ಕ್ರ್ಯಾಕ್ ಇಳಿಸಿಕೊಂಡೆ. ‘ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ’ ಎಂದು ಅದರಲ್ಲಿ ಬರೆದಿತ್ತು, ಮಾಡಿದೆ. ಗೇಮ್ ತೆರೆಯಲಿಲ್ಲ. ಸಂಜೆಯ ಹೊತ್ತಿಗೆ ಫೋಟೊ, ಅಸೈನ್‌ಮೆಂಟ್, ಎಕ್ಸೆಲ್ ಎಲ್ಲ ಫೈಲ್‌ಗಳ ಹೆಸರಿನ ಮುಂದೆ ಅರ್ಥವಾಗದ ನಾಲ್ಕು ಅಕ್ಷರ ಅಂಟಿಕೊಂಡಿದ್ದವು. ಯಾವುದೂ ತೆರೆಯುತ್ತಿರಲಿಲ್ಲ. ಬಿಡಿಸಿಕೊಳ್ಳಲು ಡಾಲರ್‌ನಲ್ಲಿ ಹಣ ಕೇಳುವ ಒಂದು ಚೀಟಿ ಮಾತ್ರ ತೆರೆಯಿತು.

ನನ್ನದು ಹೋದರೆ ಹೋಗಲಿ. ಅದರಲ್ಲಿ ಅಮ್ಮನ ಸಂಘದ ಹನ್ನೊಂದು ತಿಂಗಳ ಲೆಕ್ಕ ಇತ್ತು. ಹದಿನಾರು ಹೆಂಗಸರ ವಾರದ ಉಳಿತಾಯ, ಸಾಲ, ಬಡ್ಡಿ. ಅಮ್ಮ ಅದನ್ನೆಲ್ಲ ನನ್ನಿಂದಲೇ ಎಕ್ಸೆಲ್ ಕಲಿತು, ಒಂದೊಂದೇ ಬೆರಳಿನಲ್ಲಿ ಒತ್ತಿ ತುಂಬಿದ್ದಳು. ಹಳೆಯ ನೋಟ್‌ಬುಕ್ ಅರ್ಧದಷ್ಟೇ ಇತ್ತು. ಉಳಿದದ್ದಕ್ಕೆ ಪಾಸ್‌ಬುಕ್ ಹಿಡಿದು ಮನೆಮನೆ ಸುತ್ತಿ, ಮೂರು ರಾತ್ರಿ ಕೂತು ಮತ್ತೆ ಬರೆದಳು. ಒಬ್ಬರ ಕಂತಿನಲ್ಲಿ ಐನೂರು ರೂಪಾಯಿ ಹೊಂದಲಿಲ್ಲ. ಅದನ್ನು ಅಮ್ಮ ತನ್ನ ಕೈಯಿಂದ ಹಾಕಿದಳು. ಸಂಘದವರು ಏನಾಯ್ತು ಎಂದು ಕೇಳಿದಾಗ ‘ಕಂಪ್ಯೂಟರ್ ಕೆಟ್ಟೋಯ್ತು’ ಎಂದಳು. ಮಗ ಕೆಡಿಸಿದ ಎಂದು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಯಾವ ವಿಂಡೋಸ್ ಇದ್ದಿದ್ದರೂ ಅವತ್ತು ನನ್ನನ್ನು ಉಳಿಸುತ್ತಿರಲಿಲ್ಲ. ಕಾವಲುಗಾರನನ್ನು ನಾನೇ ಮನೆಗೆ ಕಳಿಸಿ ಕಳ್ಳನಿಗೆ ಬಾಗಿಲು ತೆರೆದಿದ್ದೆ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಕ್ರ್ಯಾಕ್ ಇಳಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆದರೆ ಏನೂ ತಪ್ಪು ಮಾಡದವರ ಮನೆಗೂ ಕಳ್ಳ ನುಗ್ಗುತ್ತಾನೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವನ್ನಾಕ್ರೈ ಯಾರಾದರೂ ಕ್ಲಿಕ್ ಮಾಡಲಿ ಎಂದು ಕಾಯಲಿಲ್ಲ. ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಿದು ಹೋಯಿತು. ಬ್ರಿಟನ್ನಿನ ಆಸ್ಪತ್ರೆಗಳು ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಆ ಲೋಪಕ್ಕೆ ತೇಪೆ ಅದೇ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು! ಎರಡು ತಿಂಗಳು ಅದನ್ನು ಹಾಕಿಕೊಳ್ಳದೇ ಇದ್ದವರು ಸಿಕ್ಕಿಬಿದ್ದರು. ‘ಮೂರು ವರ್ಷದಿಂದ ಏನೂ ಆಗಿಲ್ಲ’ ಎನ್ನುವ ಧೀರರಿಗೆ ಹೇಳುವುದು ಇಷ್ಟೇ, ಆಗುವ ಹಿಂದಿನ ದಿನದವರೆಗೂ ಯಾರಿಗೂ ಏನೂ ಆಗಿರುವುದಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೇ ತಪ್ಪು ಅನ್ನಿಸಿತು. ‘ನನ್ನ ಗೇಮ್‌ಗಳಿಗೆ ವಿಂಡೋಸ್ 11 ಬೇಕಾ?’ ಎಂದು ಕೇಳುತ್ತಿದ್ದೆ. ಗೇಮ್ ಹೋದರೆ ಮತ್ತೆ ಡೌನ್‌ಲೋಡ್ ಮಾಡಬಹುದು, ಸೇವ್ ಹೋದರೆ ಮತ್ತೆ ಆಡಬಹುದು. ಕೇಳಬೇಕಿದ್ದದ್ದು ‘ಈ ಕಂಪ್ಯೂಟರನ್ನು ನಂಬಿ ಯಾರು ಏನನ್ನು ಇಟ್ಟಿದ್ದಾರೆ?’ ಎಂದು. ನಮ್ಮಂಥ ಮನೆಗಳಲ್ಲಿ ಗೇಮಿಂಗ್ ಕಂಪ್ಯೂಟರ್ ಎಂಬುದು ಹೆಸರಿಗೆ ಮಾತ್ರ. ತಂಗಿಯ ಸ್ಕಾಲರ್‌ಶಿಪ್ ಅರ್ಜಿ, ಅಪ್ಪನ ನೆಟ್ ಬ್ಯಾಂಕಿಂಗ್, ಮನೆಯವರೆಲ್ಲರ ಆಧಾರ್ ಸ್ಕ್ಯಾನ್ ಅದರಲ್ಲೇ ಇರುತ್ತವೆ. ಒಬ್ಬನೇ ಆಡುವ, ಬೇರೇನೂ ಇಲ್ಲದ ಕಂಪ್ಯೂಟರ್ ಆದರೆ ನೀವು ಧೀರರಾಗಿಯೇ ಇರಿ, ನನ್ನ ಅಭ್ಯಂತರವಿಲ್ಲ. ಆದರೆ ಇನ್ನೊಬ್ಬರ ದುಡ್ಡಿನ ಲೆಕ್ಕ ಅದರಲ್ಲಿದ್ದರೆ ಧೈರ್ಯ ತೋರಿಸುವ ಹಕ್ಕು ನಮಗಿಲ್ಲ.

ಕೊನೆಗೆ ನಾನು ಮಾಡಿದ್ದು ಇದು. ವಿಂಡೋಸ್ 10ಕ್ಕೆ ಇನ್ನೂ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ತೇಪೆ ಪಡೆಯುವ ‘ಇಎಸ್‌ಯು’ ಯೋಜನೆ ಇದೆ. ದುಡ್ಡು ಕೊಟ್ಟೂ ಪಡೆಯಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್‌ಗೆ ಸೇರಿಸಿದರೆ ಉಚಿತವಾಗಿಯೂ ಸಿಗುತ್ತದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು ಅಷ್ಟೇ. ನಾನು ಉಚಿತದ ದಾರಿ ಹಿಡಿದೆ. ಅಮ್ಮನಿಗೆ ಅಡ್ಮಿನ್ ಅಧಿಕಾರವಿಲ್ಲದ ಬೇರೆ ಲಾಗಿನ್ ಮಾಡಿಕೊಟ್ಟೆ. ಕ್ರ್ಯಾಕ್ ಮಾಡಿದ್ದನ್ನೆಲ್ಲ ಅಳಿಸಿದೆ. ಭಾನುವಾರಕ್ಕೊಮ್ಮೆ ಸಂಘದ ಲೆಕ್ಕ ಪೆನ್‌ಡ್ರೈವ್‌ಗೆ ಹೋಗುತ್ತದೆ, ಪೆನ್‌ಡ್ರೈವ್ ಬೀರುವಿಗೆ ಹೋಗುತ್ತದೆ. ಕಂಪ್ಯೂಟರಿಗೆ ಚುಚ್ಚಿಯೇ ಬಿಟ್ಟ ಬ್ಯಾಕಪ್ ಬ್ಯಾಕಪ್ಪೇ ಅಲ್ಲ ಎಂಬುದು ಪೆಟ್ಟು ತಿಂದು ಕಲಿತ ಪಾಠ.

ಜೊತೆಗೆ ಹಳೆಯದೊಂದು ಸಣ್ಣ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕಿ ನೋಡಿದೆ. ಸ್ಟೀಮ್‌ನ ಪ್ರೋಟಾನ್ ಎಂಬ ಸೌಲಭ್ಯದಿಂದ ವಿಂಡೋಸ್‌ನ ಎಷ್ಟೋ ಗೇಮ್‌ಗಳು ಅಲ್ಲಿಯೂ ಓಡುತ್ತವೆ. ಕೌಂಟರ್-ಸ್ಟ್ರೈಕ್ 2 ಅಂತೂ ನೇರವಾಗಿಯೇ ಲಿನಕ್ಸ್‌ಗೆ ಇದೆ. ವ್ಯಾಲರಂಟ್, ಫೋರ್ಟ್‌ನೈಟ್ ಓಡುವುದಿಲ್ಲ. ಅಮ್ಮನ ಫೈಲ್ ಲಿಬ್ರೆಆಫೀಸ್‌ನಲ್ಲಿ ತೆರೆಯಿತು, ಕೂಡುವ ಸೂತ್ರಗಳೂ ಸರಿಯಾಗಿಯೇ ಬಂದವು. ಬರುವ ಅಕ್ಟೋಬರ್‌ನೊಳಗೆ ಇಂಟರ್ನ್‌ಶಿಪ್‌ನ ಸ್ಟೈಪೆಂಡ್ ಕೈಗೆ ಬಂದರೆ ಬೋರ್ಡ್, ಪ್ರೊಸೆಸರ್ ಬದಲಿಸಿ ವಿಂಡೋಸ್ 11. ಬರದಿದ್ದರೆ ಲಿನಕ್ಸ್, ವ್ಯಾಲರಂಟ್‌ಗೆ ನಮಸ್ಕಾರ. ಎರಡರಲ್ಲಿ ಯಾವುದಾದರೂ ತಾರೀಖು ದಾಟುವಂತಿಲ್ಲ.

ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಹಳೆಯದೆಂದು ಹೊರಗಿಡುವ ಈ ನಿಯಮದ ಬಗ್ಗೆ ನನಗೆ ಸಿಟ್ಟಿದೆ. ಎಂಟು ವರ್ಷದ ಫ್ಯಾನು, ಮಿಕ್ಸಿಗಳನ್ನು ಯಾರೂ ಹೀಗೆ ಗುಜರಿಗೆ ಹಾಕಿ ಎನ್ನುವುದಿಲ್ಲ. ಆ ಸಿಟ್ಟನ್ನು ಕಂಪನಿಯ ಮೇಲೆ ತೋರಿಸೋಣ, ಮನೆಯವರ ಫೈಲ್‌ಗಳನ್ನು ಅಪಾಯಕ್ಕೆ ಒಡ್ಡಿ ತೋರಿಸುವುದು ಬೇಡ.

ಅಪ್‌ಗ್ರೇಡ್ ಮಾಡಲೋ ಬೇಡವೋ ಎಂದು ಗೆಳೆಯರನ್ನು ಕೇಳುವ ಮುನ್ನ, ನೀವು ಮನೆಯಲ್ಲಿ ಇಲ್ಲದಾಗ ಆ ಕಂಪ್ಯೂಟರಿನ ಮುಂದೆ ಕೂರುವವರನ್ನು ಒಮ್ಮೆ ಕೇಳಿ. ಅಮ್ಮನಿಗೆ ಈಗ ನನ್ನ ಬಳಿ ಉತ್ತರ ಇದೆ. ಆದರೂ ಅವಳು ಎಕ್ಸೆಲ್‌ನಲ್ಲಿ ತುಂಬಿದ ಮೇಲೆ ಇವತ್ತಿಗೂ ಒಮ್ಮೆ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾಳೆ. ಆ ನೋಟ್‌ಬುಕ್ ಇನ್ನು ಬೇಡ ಎಂದು ಅವಳಿಗೆ ಹೇಳುವಷ್ಟು ನಂಬಿಕೆ ಗಳಿಸಲು ನನಗೆ ಇನ್ನೂ ಸ್ವಲ್ಪ ಕಾಲ ಬೇಕು.