ಹೆಸರು ಒಂದೇ, ಒಳಗಿರೋದು ಬೇರೆ

ಮೊನ್ನೆ ಅರಸೀಕೆರೆಯಿಂದ ಚಿಕ್ಕಪ್ಪನ ಮಗ ವಾಟ್ಸಾಪಲ್ಲಿ ಎರಡು ಕೊಟೇಶನ್ ಫೋಟೋ ಕಳಿಸಿದ್ದ. ಕೆಲಸಕ್ಕೆ ಸೇರಿ ಒಂದು ವರ್ಷ ಆಯ್ತು, ಗೇಮಿಂಗ್ ಪಿಸಿಗೆ ಅಂತ 65 ಸಾವಿರ ಕೂಡಿಟ್ಟಿದ್ದಾನೆ. ಎರಡೂ ನಮ್ಮ ಎಸ್.ಪಿ. ರೋಡಿನ ಅಂಗಡಿಗಳವು. "ಅಣ್ಣಾ, ಎರಡರಲ್ಲೂ ಗ್ರಾಫಿಕ್ಸ್ ಕಾರ್ಡ್ ಒಂದೇ. ಎರಡನೇ ಅಂಗಡೀಲಿ ನಾಲ್ಕು ಸಾವಿರ ಕಮ್ಮಿ. ಅಲ್ಲೇ ತಗೊಳ್ಳಲಾ?"

ಒಂದೇ ಅಲ್ಲ. ಹೆಸರು ಮಾತ್ರ ಒಂದೇ. ಎರಡನೆಯದರಲ್ಲಿ ಮೆಮೊರಿ ಕಮ್ಮಿ, ಒಳಗಿನ ಚಿಪ್ಪೂ ಸೊರಗಿದ್ದು. ಯಾವ ಕಾರ್ಡು, ಯಾವ ಅಂಗಡಿ ಅನ್ನೋದು ಬಿಡಿ. ಅಂಗಡಿಯವನು ಸುಳ್ಳು ಹೇಳಿಲ್ಲ, ಡಬ್ಬದ ಮೇಲಿದ್ದ ಹೆಸರನ್ನೇ ಬರೆದುಕೊಟ್ಟಿದ್ದಾನೆ. ನನಗೆ ಉರಿಯೋದು ಅಲ್ಲೇ. ಯಾರೂ ಸುಳ್ಳು ಹೇಳದೇನೇ ಹುಡುಗ ಮೋಸ ಹೋಗೋ ಹಾಗೆ ಈ ವ್ಯಾಪಾರಾನ ಕಟ್ಟಿದ್ದಾರೆ.

ಇದು ಇವತ್ತಿನ ಚಾಳಿ ಅಲ್ಲ. 2016ರಲ್ಲಿ ಎನ್ವಿಡಿಯಾ ಜಿಟಿಎಕ್ಸ್ 1060 ತಂದಾಗ 6 ಜಿಬಿ ಒಂದು, 3 ಜಿಬಿ ಒಂದು ಬಂತು. ವ್ಯತ್ಯಾಸ ಮೆಮೊರಿಯದ್ದು ಮಾತ್ರ ಅಂತ ಯಾರು ಬೇಕಾದ್ರೂ ಅಂದ್ಕೋತಾರೆ. ಆದರೆ ಮೊದಲನೆಯದರಲ್ಲಿ 1280 ಕೋರು, ಎರಡನೆಯದರಲ್ಲಿ 1152. ಮಾರನೇ ವರ್ಷ ಬಂದ ಜಿಟಿ 1030 ಕತೆ ಇನ್ನೂ ಚೆಂದ. ಮೊದಲು ಜಿಡಿಡಿಆರ್5 ಮೆಮೊರಿ ಹಾಕಿ ಮಾರಿದ್ರು. ಆಮೇಲೆ 2018ರಲ್ಲಿ ಅದೇ ಹೆಸರಲ್ಲಿ ಡಿಡಿಆರ್4 ಹಾಕಿದ್ದು ಬಂತು. ಎರಡೂ 2 ಜಿಬಿನೇ. ಆದರೆ ಸೆಕೆಂಡಿಗೆ 48 ಜಿಬಿ ಸಾಗಿಸ್ತಿದ್ದ ಮೆಮೊರಿ ಹೋಗಿ ಸುಮಾರು 17 ಜಿಬಿ ಸಾಗಿಸೋದು ಬಂದು ಕೂತಿತ್ತು! "ನಾನು ಜಿಬಿ ನೋಡೇ ತಗೊಳ್ಳೋದು" ಅನ್ನೋ ಜಾಣರಿಗೂ ಇಲ್ಲಿ ದಾರಿ ಇಲ್ಲ.

ಎಎಮ್‌ಡಿ ಅಭಿಮಾನಿಗಳು ನಗೋದು ಬೇಡ. ಆರ್‌ಎಕ್ಸ್ 560 ಬಂದಾಗ 1024 ಸ್ಟ್ರೀಮ್ ಪ್ರೊಸೆಸರ್ ಇತ್ತು. 2017 ಮುಗಿಯೋ ಹೊತ್ತಿಗೆ ಅದೇ ಹೆಸರಲ್ಲಿ 896 ಇರೋದೂ ಅಂಗಡಿಗೆ ಬಂದಿತ್ತು. ಸುದ್ದಿಯಾಗಿ ಗಲಾಟೆ ಎದ್ದ ಮೇಲೆ ಕಂಪನಿ ವಿವರಣೆ ಕೊಟ್ಟಿತು.

ತೀರಾ ಈಚಿನದು ಬೇಕಾ? ಆರ್‌ಟಿಎಕ್ಸ್ 3050. 2022ರಲ್ಲಿ ಬಂದ 8 ಜಿಬಿ ಕಾರ್ಡಿಗೆ 2560 ಕೋರು, 128 ಬಿಟ್ ಮೆಮೊರಿ ಬಸ್. 2024ರಲ್ಲಿ ಬಂದ 6 ಜಿಬಿ ಕಾರ್ಡಿಗೆ 2304 ಕೋರು, 96 ಬಿಟ್ ಬಸ್. ಬಸ್ ಅಂದ್ರೆ ಚಿಪ್ಪಿಗೂ ಮೆಮೊರಿಗೂ ನಡುವಿನ ರಸ್ತೆ. ಅದರ ಅಗಲ ಕಮ್ಮಿ ಮಾಡಿದ್ರೆ ಏನಾಗುತ್ತೆ ಅಂತ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗೋರಿಗೆ ನಾನು ಹೇಳ್ಬೇಕಾ? ಹಾಗಂತ ಆ 6 ಜಿಬಿ ಕಾರ್ಡು ಕೆಟ್ಟದ್ದೇನಲ್ಲ. 70 ವ್ಯಾಟಲ್ಲಿ ನಡೆಯುತ್ತೆ, ಹಳೇ ಆಫೀಸ್ ಕಂಪ್ಯೂಟರಿಗೆ ಹಾಕ್ಕೊಳ್ಳೋಕೆ ಒಳ್ಳೇ ವಸ್ತು. ಅದಕ್ಕೆ ಬೇರೆ ಹೆಸರು ಇಟ್ಟಿದ್ರೆ ನಾನೇ ಮೆಚ್ಚಿ ಬರೀತಿದ್ದೆ.

"ಸ್ಪೆಕ್ಸ್ ಎಲ್ಲಾ ವೆಬ್‌ಸೈಟಲ್ಲಿ ಇರುತ್ತಲ್ಲ, ನೋಡ್ಕೊಂಡು ತಗೊಳ್ಳೋದು ಗಿರಾಕಿ ಜವಾಬ್ದಾರಿ" ಅಂತ ಆಫೀಸಲ್ಲಿ ಗೆಳೆಯನೊಬ್ಬ ವಾದ ಮಾಡಿದ. ಅಲ್ಲಾ ಸ್ವಾಮಿ, ಹತ್ತು ರೂಪಾಯಿ ಬಿಸ್ಕತ್ ಪೊಟ್ಟಣದ ಮೇಲೂ ನಿವ್ವಳ ತೂಕ ಅಚ್ಚು ಹಾಕ್ಲೇಬೇಕು ಅಂತ ಈ ದೇಶದಲ್ಲಿ ಕಾನೂನಿದೆ. ಇಪ್ಪತ್ತು ಮೂವತ್ತು ಸಾವಿರದ ಕಾರ್ಡಿಗೆ ಮಾತ್ರ ಗಿರಾಕಿ ಸಂಶೋಧನೆ ಮಾಡ್ಕೊಂಡು ಬರ್ಬೇಕಾ? ಅವನು ಯೂಟ್ಯೂಬಲ್ಲಿ ನೋಡಿದ ರಿವ್ಯೂ ದೊಡ್ಡಣ್ಣನದ್ದು, ಮನೆಗೆ ಬಂದಿದ್ದು ಚಿಕ್ಕ ತಮ್ಮ.

ಹೆಸರಿಡೋದು ಅವರ ಕೈಯಲ್ಲಿ ಇಲ್ಲದ ವಿಷಯ ಏನಲ್ಲ. 2022ರ ಸೆಪ್ಟೆಂಬರಲ್ಲಿ ಆರ್‌ಟಿಎಕ್ಸ್ 4080 ಅಂತ ಎರಡು ಕಾರ್ಡು ಘೋಷಣೆ ಆಯ್ತು. 16 ಜಿಬಿಯದ್ದರಲ್ಲಿ 9728 ಕೋರು, 12 ಜಿಬಿಯದ್ದರಲ್ಲಿ 7680. ಜನ ಉಗಿದ್ರು. ಅಕ್ಟೋಬರಲ್ಲಿ 12 ಜಿಬಿ ಕಾರ್ಡನ್ನ ವಾಪಸ್ ತಗೊಂಡ್ರು, ಹೆಸರು ಸರಿಯಾಗಿಲ್ಲ ಅಂತ ಕಂಪನಿನೇ ಒಪ್ಕೊಂಡ್ತು. 2023ರ ಜನವರಿಯಲ್ಲಿ ಅದೇ ಕಾರ್ಡು 4070 ಟಿಐ ಅನ್ನೋ ಹೆಸರಲ್ಲಿ ಬಂತು. ಬೆಲೆ 899 ಡಾಲರಿಂದ 799ಕ್ಕೆ ಇಳಿದಿತ್ತು. ಅಂದ್ರೆ ಬೋರ್ಡಿನ ಮೇಲಿನ ಒಂದು ಅಂಕಿಗೆ ನೂರು ಡಾಲರ್.

ಅದು ದುಬಾರಿ ಕಾರ್ಡು, ಉಗಿಯೋಕೆ ಜನ ಇದ್ರು. ಕಮ್ಮಿ ಬೆಲೆಯ ಕಾರ್ಡು ತಗೊಳ್ಳೋ ಊರಿನ ಹುಡುಗನ ಪರವಾಗಿ ಅಷ್ಟು ಜೋರಾಗಿ ಯಾರೂ ಉಗಿಯಲ್ಲ.

ನಮ್ಮದೂ ತಪ್ಪಿದೆ ಅನ್ನಿ. ನಮ್ಮಮ್ಮ ಮೂಟೆ ಮೇಲೆ ಸೋನಾ ಮಸೂರಿ ಅಂತ ಬರೆದಿದೆ ಅಂತ ಅಕ್ಕಿ ತಂದಿದ್ದೇ ಇಲ್ಲ. ಒಂದು ಹಿಡಿ ಅಂಗೈಗೆ ಹಾಕ್ಕೊಂಡು ಉಜ್ಜಿ, ಎರಡು ಕಾಳು ಹಲ್ಲಲ್ಲಿ ಕಡಿದು ನೋಡಿ ಆಮೇಲೆ ರೇಟು ಕೇಳ್ತಾಳೆ. ದಿನವಿಡೀ ಇನ್ನೊಬ್ಬರ ಕೋಡಲ್ಲಿ ತಪ್ಪು ಹುಡುಕೋ ನಾವು, ಕೊಟೇಶನಲ್ಲಿ ನಾಲ್ಕು ಅಂಕಿ ಕಂಡ ತಕ್ಷಣ ಗೂಗಲ್ ಪೇ ತೆಗೀತೀವಿ. ಆ ನಾಲ್ಕು ಸಾವಿರ ಉಳೀತು ಅಂತ ಕ್ಯಾಬಿನೆಟ್ಟಿಗೆ ಬಣ್ಣದ ಲೈಟಿನ ಫ್ಯಾನು ಬೇರೆ.

ಅಂದಹಾಗೆ, ಅದೇ ಕೊಟೇಶನಿನ ಕೆಳಗೆ "ಎಸ್‌ಎಮ್‌ಪಿಎಸ್ 550 ವ್ಯಾಟ್" ಅಂತಷ್ಟೇ ಇತ್ತು. ಕಂಪನಿ ಇಲ್ಲ, ಮಾಡೆಲ್ ಇಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಹೆಸರಿದೆ, ವಿವರ ಇಲ್ಲ. ಇದಕ್ಕೆ ವಿವರ ಇದೆ, ಹೆಸರೇ ಇಲ್ಲ! ಇಡೀ ಯಂತ್ರಕ್ಕೆ ಕರೆಂಟು ಹಂಚೋ ಡಬ್ಬಾನ ಹೀಗೆ ಅನಾಮಧೇಯವಾಗಿ ಒಪ್ಕೊಳ್ತೀವಿ. 80 ಪ್ಲಸ್ ಅನ್ನೋ ಸ್ಟಿಕ್ಕರ್ ಕೂಡ ಕರೆಂಟು ಎಷ್ಟು ಪೋಲಾಗುತ್ತೆ ಅನ್ನೋದನ್ನ ಹೇಳುತ್ತೇ ಹೊರತು ಒಳಗಿನ ರಕ್ಷಣೆ ಹೇಗಿದೆ ಅಂತಲ್ಲ.

ತಮ್ಮನಿಗೆ ಫೋನ್ ಮಾಡಿ ಹೇಳ್ದೆ: "ಲೋ, ಕಾರ್ಡಿನ ಪೂರ್ತಿ ಮಾಡೆಲ್ ನಂಬರ್, ಎಷ್ಟು ಜಿಬಿ, ಯಾವ ಮೆಮೊರಿ, ಎಷ್ಟು ಬಿಟ್ ಬಸ್, ಎಸ್‌ಎಮ್‌ಪಿಎಸ್ ಯಾವ ಕಂಪನೀದು, ಎಲ್ಲಾ ಕೊಟೇಶನಲ್ಲೇ ಬರ್ಕೊಡೋಕೆ ಹೇಳು. ಬಿಲ್ಲಲ್ಲೂ ಅದೇ ಇರ್ಬೇಕು. ಬರೆಯಲ್ಲ ಅಂದ್ರೆ ಎದ್ದು ಬಾ."

ಶನಿವಾರ ಬೆಳಗ್ಗೆ ರೈಲಲ್ಲಿ ಬಂದು ಸೀದಾ ಎಸ್.ಪಿ. ರೋಡಿಗೆ ಹೋಗಿದ್ದ. ಎರಡನೇ ಅಂಗಡಿಯವರು, ಇದನ್ನೆಲ್ಲ ಯಾರೂ ಕೇಳಲ್ಲ ಕಣಪ್ಪ ಅಂದ್ರಂತೆ. ಆದರೂ ಡಬ್ಬ ತಿರುಗಿಸಿ ನೋಡಿ, ಪ್ರಿಂಟ್ ಮಾಡಿದ ಕಾಗದದ ಮೇಲೇ ಪೆನ್ನಲ್ಲಿ ಗೀಚಿ ಕೊಟ್ಟಿದ್ದಾರೆ. ತಮ್ಮ ಅದರ ಫೋಟೋ ಕಳಿಸಿ, "ಅಣ್ಣಾ, ಮೊದಲನೇ ಅಂಗಡಿಗೇ ಹೋಗ್ತೀನಿ. ಲೈಟಿನ ಫ್ಯಾನು ಬೇಡ ಅಂದ್ರೆ ದುಡ್ಡು ಸರಿಹೋಗುತ್ತೆ" ಅಂತ ಬರೆದಿದ್ದ.