ಟ್ರಾಫಿಕ್ ದಂಡಕ್ಕೂ ವಕೀಲ ಬೇಕಾ? ಯುಎಇಯಲ್ಲಿ ದಂಡ ಎಲ್ಲಿ ಮುಗಿಯುತ್ತೆ, ಕೇಸ್ ಎಲ್ಲಿ ಶುರುವಾಗುತ್ತೆ

ಯುಎಇಯ ಹೊಸ ಸಂಚಾರ ಕಾನೂನು 2025ರ ಮಾರ್ಚ್ 29ರಿಂದ ಜಾರಿಯಲ್ಲಿದೆ. ಕುಡಿದು ಗಾಡಿ ಓಡಿಸಿದರೆ ಜೈಲು, ಇಲ್ಲವೇ 20 ಸಾವಿರದಿಂದ 1 ಲಕ್ಷ ದಿರ್ಹಂ ದಂಡ, ಅಥವಾ ಎರಡೂ. ಅಪಘಾತ ಮಾಡಿ ಓಡಿಹೋದರೆ 2 ವರ್ಷದವರೆಗೆ ಜೈಲು, 50 ಸಾವಿರದಿಂದ 1 ಲಕ್ಷ ದಿರ್ಹಂ ದಂಡ. ಇಂಥ ಅಂಕಿಗಳನ್ನು ನೋಡಿ ಹೆದರಿದವರು ಸಣ್ಣಪುಟ್ಟ ದಂಡಕ್ಕೂ ವಕೀಲರನ್ನು ಹುಡುಕುವುದುಂಟು. ಇನ್ನೊಂದು ಕಡೆ, ಅಪಘಾತದಲ್ಲಿ ಯಾರಿಗೋ ಗಂಭೀರ ಪೆಟ್ಟಾಗಿದ್ದರೂ ‘ಇನ್ಶೂರೆನ್ಸ್ ಇದೆಯಲ್ಲ, ಕಂಪನಿ ನೋಡಿಕೊಳ್ಳುತ್ತೆ’ ಅಂತ ಸುಮ್ಮನೆ ಕೂರುವವರೂ ಇದ್ದಾರೆ. ಎರಡೂ ಲೆಕ್ಕ ತಪ್ಪು. ಬೇಡದ ಜಾಗದಲ್ಲಿ ದುಡ್ಡು ಹೋಗುತ್ತೆ, ಬೇಕಾದ ಜಾಗದಲ್ಲಿ ಸಮಯ ಹೋಗುತ್ತೆ.

ಅಮೆರಿಕದ ಮಾತು ಇಲ್ಲಿ ನಡೆಯಲ್ಲ

ಅಮೆರಿಕದಲ್ಲಿ ಟ್ರಾಫಿಕ್ ಟಿಕೆಟ್‌ಗೆ ವಕೀಲರನ್ನು ಇಡುವುದು ಮಾಮೂಲು. ವಕೀಲರು ಪ್ರಾಸಿಕ್ಯೂಟರ್ ಜತೆ ಮಾತಾಡಿ ಆರೋಪವನ್ನು ಹಗುರ ಮಾಡಿಸಿ, ಪಾಯಿಂಟ್ ತಪ್ಪಿಸುವುದುಂಟು. ಅಲ್ಲಿರುವ ನೆಂಟರ ಮಾತು ಕೇಳಿ ಇಲ್ಲೂ ಹಾಗೇ ಅಂದುಕೊಂಡರೆ ಆಗುವುದಿಲ್ಲ. ಯುಎಇಯಲ್ಲಿ ಯಾವ ತಪ್ಪಿಗೆ ಎಷ್ಟು ದಂಡ, ಎಷ್ಟು ಬ್ಲ್ಯಾಕ್ ಪಾಯಿಂಟ್ ಎಂಬ ಪಟ್ಟಿ ಮೊದಲೇ ನಿಗದಿಯಾಗಿದೆ. ಮೊಬೈಲ್ ಹಿಡಿದು ಓಡಿಸಿದರೆ 800 ದಿರ್ಹಂ, 4 ಪಾಯಿಂಟ್. ಸೀಟ್ ಬೆಲ್ಟ್ ಇಲ್ಲದಿದ್ದರೆ 400 ದಿರ್ಹಂ, 4 ಪಾಯಿಂಟ್. ಕೆಂಪು ಸಿಗ್ನಲ್ ಹಾರಿದರೆ 1,000 ದಿರ್ಹಂ, 12 ಪಾಯಿಂಟ್, ಜತೆಗೆ 30 ದಿನ ಗಾಡಿ ಜಪ್ತಿ. ವೇಗಮಿತಿಗಿಂತ 80 ಕಿ.ಮೀ. ಮೀರಿ ಓಡಿಸಿದರೆ 3,000 ದಿರ್ಹಂ, 23 ಪಾಯಿಂಟ್, 60 ದಿನ ಜಪ್ತಿ. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ದಂಡ ತಪ್ಪಾಗಿ ಬಿದ್ದಿದ್ದರೆ ಆಕ್ಷೇಪ ಸಲ್ಲಿಸಬಹುದು, ಅದನ್ನು ಗಾಡಿಯವರೇ ಮಾಡಬಹುದು. ದುಬೈಯಲ್ಲಿ ಪೊಲೀಸ್ ಮತ್ತು ಟ್ರಾಫಿಕ್ ಪ್ರಾಸಿಕ್ಯೂಷನ್ ಮೂಲಕ, ಅಬುಧಾಬಿಯಲ್ಲಿ ತಮ್ ಆ್ಯಪ್ ಮೂಲಕ ದಾರಿ ಇದೆ. ಮೊದಲು ಕ್ಯಾಮೆರಾ ಫೋಟೊ ನೋಡಬೇಕು. ನಂಬರ್ ಪ್ಲೇಟ್, ಪ್ಲೇಟ್ ಕೋಡ್, ಎಮಿರೇಟ್, ಜಾಗ, ಹೊತ್ತು ಎಲ್ಲ ಸರಿಯಾಗಿದೆಯಾ ಅಂತ ತಾಳೆ ಹಾಕಬೇಕು. ಗಾಡಿ ಮಾರಿದ ಮೇಲೆ ಬಿದ್ದ ದಂಡವಾದರೆ ವರ್ಗಾವಣೆ ಪತ್ರವೇ ಸಾಕ್ಷಿ. ಇಷ್ಟಕ್ಕೆ ಬೇಕಾಗಿರುವುದು ದಾಖಲೆ, ವಾದ ಅಲ್ಲ.

ಗೆಲ್ಲದ ಆಕ್ಷೇಪವೂ ಇದೆ. ದುಬೈಯಲ್ಲಿ ಬೋರ್ಡಿನ ವೇಗಮಿತಿಯ ಮೇಲೆ 20 ಕಿ.ಮೀ. ವಿನಾಯಿತಿ ಇದೆ. ಅಬುಧಾಬಿ 2018ರ ಆಗಸ್ಟ್‌ನಲ್ಲೇ ಅದನ್ನು ತೆಗೆದುಹಾಕಿತು. ಅಲ್ಲಿ ಬೋರ್ಡಿನಲ್ಲಿ 140 ಇದ್ದರೆ 140 ಮಾತ್ರ. ದುಬೈ ಅಭ್ಯಾಸದಲ್ಲೇ ಗಡಿ ದಾಟಿ ಹೋಗಿ ಸಿಕ್ಕಿಬಿದ್ದವರಿಗೆ ಯಾವ ವಕೀಲರೂ ಈ ದಂಡ ಬಿಡಿಸಿಕೊಡಲಾರರು.

ದಂಡಕ್ಕಿಂತ ಪಾಯಿಂಟ್ ದುಬಾರಿ

ತಿಂಗಳಿಗೆ 2,500 ದಿರ್ಹಂ ಸಂಬಳದ ವ್ಯಾನ್ ಡ್ರೈವರ್ ಒಬ್ಬನ ಲೆಕ್ಕ ಹಾಕಿ ನೋಡಿ. ಒಂದು ಮೊಬೈಲ್ ದಂಡ ಸಂಬಳದ ಶೇ.32. ಆದರೆ ಅಸಲಿ ಹೊಡೆತ ಬೇರೆ. ಒಂದು ವರ್ಷದೊಳಗೆ 24 ಪಾಯಿಂಟ್ ಆದರೆ ಮೊದಲ ಸಲ 3 ತಿಂಗಳು, ಎರಡನೇ ಸಲ 6 ತಿಂಗಳು, ಮೂರನೇ ಸಲ ಒಂದು ವರ್ಷ ಲೈಸೆನ್ಸ್ ಅಮಾನತು. ಸೀಟ್ ಬೆಲ್ಟ್, ಮೊಬೈಲ್ ತಪ್ಪುಗಳು ಸೇರಿ ಆರಾದರೆ ಸಾಕು, 24 ತುಂಬುತ್ತೆ. ಲೈಸೆನ್ಸ್ ಇಲ್ಲದ ಡ್ರೈವರ್‌ಗೆ ಕಂಪನಿ 3 ತಿಂಗಳು ಕೆಲಸ ಕೊಡದಿದ್ದರೆ 7,500 ದಿರ್ಹಂ ಹೋಯಿತು. ಎಷ್ಟೋ ಕಡೆ ಕೆಲಸವೇ ಹೋಗುತ್ತೆ.

ಅದಕ್ಕೇ 24 ಮುಟ್ಟುವ ಮೊದಲೇ ಪಾಯಿಂಟ್ ಇಳಿಸಿಕೊಳ್ಳುವುದು ಜಾಣತನ. ಅಬುಧಾಬಿಯಲ್ಲಿ 800 ದಿರ್ಹಂ ಕಟ್ಟಿ ತರಬೇತಿ ಮುಗಿಸಿದರೆ 8 ಪಾಯಿಂಟ್ ಕಡಿಮೆಯಾಗುತ್ತೆ. ಶಾಲೆ ಶುರುವಾಗುವ ದಿನ ಗೃಹ ಸಚಿವಾಲಯ ನಡೆಸುವ ‘ಅಪಘಾತರಹಿತ ದಿನ’ ಅಭಿಯಾನದಲ್ಲಿ ಆನ್‌ಲೈನ್ ಪ್ರತಿಜ್ಞೆ ಮಾಡಿ, ಆ ದಿನ ಯಾವ ತಪ್ಪೂ ಮಾಡದಿದ್ದರೆ 4 ಪಾಯಿಂಟ್ ಇಳಿಯುತ್ತೆ. ಅದಕ್ಕೆ ಖರ್ಚೇ ಇಲ್ಲ.

ದಂಡದ ವಿಷಯದಲ್ಲಿ ಕಾಯುವ ಅಭ್ಯಾಸ ಊರಿನಿಂದ ಬಂದದ್ದು. ಕರ್ನಾಟಕ ಸರ್ಕಾರ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬಾಕಿ ದಂಡಕ್ಕೆ ಶೇ.50 ರಿಯಾಯಿತಿ ಕೊಟ್ಟಿತು. ತಡಮಾಡಿದವರಿಗೇ ಅಲ್ಲಿ ಲಾಭವಾಯಿತು. ಅಬುಧಾಬಿಯಲ್ಲಿ ಉಲ್ಟಾ. 60 ದಿನದೊಳಗೆ ಕಟ್ಟಿದವರಿಗೆ ಶೇ.35, ಒಂದು ವರ್ಷದೊಳಗೆ ಕಟ್ಟಿದವರಿಗೆ ಶೇ.25 ರಿಯಾಯಿತಿ. ಅಂದರೆ 800ರ ದಂಡ ಬೇಗ ಕಟ್ಟಿದರೆ 520ಕ್ಕೆ ಮುಗಿಯುತ್ತೆ. ಗಂಭೀರ ತಪ್ಪುಗಳಿಗೆ ಮಾತ್ರ ಇದು ಸಿಗುವುದಿಲ್ಲ. ಬಾಕಿ ಇಟ್ಟರೆ ಮುಲ್ಕಿಯಾ ನವೀಕರಣ ಹೇಗೂ ನಿಲ್ಲುತ್ತೆ.

ಈ ಕಾಯುವಿಕೆಯನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ‘ದಂಡದಲ್ಲಿ ಅರ್ಧ ಕಡಿಮೆ ಮಾಡಿಸಿ ಕೊಡುತ್ತೇವೆ’ ಎಂಬ ಸೋಶಿಯಲ್ ಮೀಡಿಯಾ ಜಾಹೀರಾತುಗಳ ಬಗ್ಗೆ ದುಬೈ ಪೊಲೀಸರೇ ಎಚ್ಚರಿಸಿದ್ದಾರೆ. ‘ನಿನ್ನ ಪಾಯಿಂಟ್ ಬೇರೆಯವರ ಲೈಸೆನ್ಸ್‌ಗೆ ಹಾಕಿಸುತ್ತೇನೆ’ ಅನ್ನುವವರನ್ನೂ ದೂರ ಇಡಬೇಕು. ಗಾಡಿ ಓಡಿಸದವನು ‘ನಾನೇ ಓಡಿಸಿದ್ದು’ ಅಂತ ಹೇಳಿಕೆ ಕೊಟ್ಟರೆ ಅದು ಸುಳ್ಳು ಹೇಳಿಕೆ. ದಂಡಕ್ಕಿಂತ ದೊಡ್ಡ ಅಪರಾಧ.

ವಕೀಲ ಬೇಕೇ ಬೇಕಾದ ಹೊತ್ತು

ಅಪಘಾತದಲ್ಲಿ ಮನುಷ್ಯರಿಗೆ ಪೆಟ್ಟಾದ ಕ್ಷಣದಿಂದ ಅದು ದಂಡದ ವಿಷಯವಲ್ಲ, ಕ್ರಿಮಿನಲ್ ಕೇಸ್. ಅಜಾಗರೂಕತೆಯಿಂದ ಸಾವಾದರೆ ಹೊಸ ಕಾನೂನಿನಲ್ಲಿ ಜೈಲು ಮತ್ತು ಕನಿಷ್ಠ 50 ಸಾವಿರ ದಿರ್ಹಂ ದಂಡ, ಅಥವಾ ಎರಡರಲ್ಲೊಂದು. ಸಿಗ್ನಲ್ ಹಾರಿ, ಕುಡಿದು ಅಥವಾ ಅಮಾನತಾದ ಲೈಸೆನ್ಸ್‌ನಲ್ಲಿ ಓಡಿಸಿ ಸಾವಾದರೆ ಶಿಕ್ಷೆ ಇನ್ನೂ ಕಠಿಣ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ದಿಯಾ 2 ಲಕ್ಷ ದಿರ್ಹಂ. ಸಾಮಾನ್ಯವಾಗಿ ಇನ್ಶೂರೆನ್ಸ್ ಕಂಪನಿ ಕಟ್ಟುತ್ತೆ. ಆದರೆ ಚಾಲಕ ಕುಡಿದಿದ್ದರೆ ಅಥವಾ ಲೈಸೆನ್ಸ್ ಇಲ್ಲದಿದ್ದರೆ ಆ ದುಡ್ಡನ್ನು ಚಾಲಕನಿಂದಲೇ ವಸೂಲಿ ಮಾಡುವ ಹಕ್ಕು ಕಂಪನಿಗಿದೆ. ಸಾಲ ತೀರಿಸಲು ಗಲ್ಫ್‌ಗೆ ಬಂದವನ ತಲೆಗೆ ಜೀವಮಾನದ ಸಾಲ ಬಿತ್ತು ಅಂತಲೇ ಅರ್ಥ.

ನಡೆದು ಹೋಗುವವರೂ ಹೊರತಲ್ಲ. ನಿಗದಿತ ಜಾಗ ಬಿಟ್ಟು ರಸ್ತೆ ದಾಟಿ ಅಪಘಾತವಾದರೆ ಪಾದಚಾರಿಯ ಮೇಲೂ ಕೇಸ್ ಆಗುತ್ತೆ. 80 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚು ವೇಗಮಿತಿಯ ರಸ್ತೆಯಾದರೆ ಶಿಕ್ಷೆ ಜಾಸ್ತಿ. ಹೈವೇ ಪಕ್ಕದ ಕ್ಯಾಂಪುಗಳಲ್ಲಿ ಇರುವವರು ಇದನ್ನು ಗಮನಿಸಬೇಕು. ದುಬೈಯಲ್ಲಿ ಲಾರಿ, ಟ್ರೇಲರ್ ಓಡಿಸುವವರಿಗೆ ಇನ್ನೊಂದು ಎಚ್ಚರಿಕೆ: 2023ರ ಜುಲೈಯಿಂದ ಕೆಂಪು ಸಿಗ್ನಲ್ ಹಾರಿದ ವಿದೇಶಿ ಭಾರಿ ವಾಹನ ಚಾಲಕರನ್ನು ಗಡಿಪಾರು ಮಾಡುವ ನಿಯಮವಿದೆ.

ಇಂಥ ಕೇಸ್‌ಗಳಲ್ಲಿ ಮೊದಲ ದಿನವೇ ಮುಖ್ಯ. ಪೊಲೀಸ್ ಹೇಳಿಕೆ ಅರೇಬಿಕ್‌ನಲ್ಲಿ ಬರೆದಿರುತ್ತೆ. ಅನುವಾದಕರನ್ನು ಕೇಳಬೇಕು, ಏನು ಬರೆದಿದೆ ಅಂತ ತಿಳಿಯದೆ ಸಹಿ ಹಾಕಬಾರದು. ತಪ್ಪು ಯಾರದು, ಎಷ್ಟು ಪಾಲು ಅನ್ನುವುದು ಅಪಘಾತದ ತಾಂತ್ರಿಕ ವರದಿಯ ಮೇಲೆ ನಿಂತಿರುತ್ತೆ. ಅದನ್ನು ಪ್ರಶ್ನಿಸುವುದು, ಗಾಯಾಳುವಿನ ಕಡೆಯವರ ಜತೆ ರಾಜಿ ಮಾತಾಡುವುದು, ತೀರ್ಪು ಬಂದ 15 ದಿನದೊಳಗೆ ಮೇಲ್ಮನವಿ ಹಾಕುವುದು, ಇವೆಲ್ಲ ವಕೀಲರ ಕೆಲಸ.

ಗಾಡಿ ಕಂಪನಿಯದ್ದಾದರೆ ಇನ್ನೊಂದು ಸೂಕ್ಷ್ಮವಿದೆ. ಕಂಪನಿಯ ವಕೀಲರು ಕಂಪನಿಯ ಹಿತ ನೋಡುತ್ತಾರೆ, ಇನ್ಶೂರೆನ್ಸ್‌ನ ವಕೀಲರು ಇನ್ಶೂರೆನ್ಸ್‌ನದ್ದು. ಬ್ರೇಕ್ ಸರಿಯಿರಲಿಲ್ಲ, ಸತತ 14 ಗಂಟೆ ಓಡಿಸಿದ್ದರು ಎಂಬಂಥ ವಾದವನ್ನು ಕಂಪನಿಯ ವಕೀಲರು ಎತ್ತುತ್ತಾರೆ ಅಂತ ನಿರೀಕ್ಷಿಸಬಾರದು. ಚಾಲಕನ ಪರ ಬೇರೆ ವಕೀಲರೇ ಬೇಕು.

ಫೀಸ್ ಕೊಡುವ ಮುನ್ನ

ಕೋರ್ಟಿನಲ್ಲಿ ವಾದಿಸುವ ನೋಂದಾಯಿತ ಅಡ್ವೊಕೇಟ್ ಬೇರೆ, ಸಲಹೆ ಮಾತ್ರ ಕೊಡುವ ಲೀಗಲ್ ಕನ್ಸಲ್ಟೆಂಟ್ ಬೇರೆ. ಟೈಪಿಂಗ್ ಸೆಂಟರಿನವರು, ಪಿಆರ್‌ಒಗಳು ಎರಡೂ ಅಲ್ಲ. ಫೀಸ್ ಒಪ್ಪಂದ ಬರಹದಲ್ಲಿರಬೇಕು. ಪ್ರಾಸಿಕ್ಯೂಷನ್ ಹಂತ, ಮೊದಲ ಕೋರ್ಟ್, ಅಪೀಲ್, ಪ್ರತಿಯೊಂದಕ್ಕೂ ಎಷ್ಟು, ಅನುವಾದದ ಖರ್ಚು ಯಾರದ್ದು, ಶೇ.5 ವ್ಯಾಟ್ ಸೇರಿದೆಯಾ ಅಂತ ಮೊದಲೇ ಕೇಳಬೇಕು. ದುಡ್ಡು ಕಚೇರಿಯ ಖಾತೆಗೆ ಹಾಕಿ ರಸೀದಿ ಪಡೆಯಬೇಕು. ಪವರ್ ಆಫ್ ಅಟಾರ್ನಿ ಆ ಕೇಸ್‌ಗೆ ಮಾತ್ರ ಸೀಮಿತವಾಗಿರಲಿ. ‘ಗ್ಯಾರಂಟಿ ಬಿಡುಗಡೆ’ ಅನ್ನುವವರನ್ನು ನಂಬಬೇಡಿ.

ಫೀಸ್ ಕೊಡಲಾಗದವರು ದುಬೈ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವನ್ನು ಉಚಿತ ಸಂಖ್ಯೆ 800 46342ರಲ್ಲಿ ಸಂಪರ್ಕಿಸಬಹುದು. ನಿಜವಾಗಿ ಕಷ್ಟದಲ್ಲಿರುವವರ ಕಾನೂನು ನೆರವಿಗೆ ಭಾರತ ಸರ್ಕಾರದ ಐಸಿಡಬ್ಲ್ಯುಎಫ್ ನಿಧಿಯೂ ಇದೆ. ಕಂಪನಿ ಸಂಬಳದಿಂದ ದಂಡ ಮುರಿದುಕೊಂಡರೂ, ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ಎಲ್ಲ ಕಡಿತ ಸೇರಿ ಸಂಬಳದ ಶೇ.50 ಮೀರುವಂತಿಲ್ಲ.

ಬೇರೆ ದೇಶಗಳಲ್ಲೂ ಬಿಗಿ ಹೆಚ್ಚಿದೆ. ಕುವೈತ್‌ನಲ್ಲಿ 2025ರ ಏಪ್ರಿಲ್ 22ರಿಂದ ಮೊಬೈಲ್ ದಂಡ 75 ದಿನಾರ್. ಕತಾರ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ ಬಾಕಿ ದಂಡ ಕಟ್ಟದೆ ದೇಶ ಬಿಡುವಂತಿಲ್ಲ. ರಜೆಗೆ ಟಿಕೆಟ್ ಮಾಡಿಸುವ ಮುನ್ನ ಬಾಕಿ ನೋಡಿಕೊಳ್ಳುವುದು ಒಳ್ಳೆಯದು.

ಒಟ್ಟಿನಲ್ಲಿ ದಂಡದ ಮೆಸೇಜ್ ಬಂದರೆ ಫೋಟೊ ನೋಡಿ, ಸರಿಯಿದ್ದರೆ ಬೇಗ ಕಟ್ಟಿ, ತಪ್ಪಿದ್ದರೆ ನೀವೇ ಆಕ್ಷೇಪ ಹಾಕಿ. ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ಒಂದು ದಿನವೂ ಕಾಯದೆ ವಕೀಲರನ್ನು ನೋಡಿ. ಸಣ್ಣ ದಂಡಗಳಲ್ಲಿ ಉಳಿಸಿದ ದುಡ್ಡು ಬೇಕಾಗುವುದು ಆ ದಿನಕ್ಕೇ.